ಹೆಬ್ಬೆರಳ ಬುಡದ ಕೀಲು ಸವೆದಿದೆ: ಮೂಳೆ ತೆಗೆಸುವುದೋ, ಬೆಸೆಯುವುದೋ, ಕೃತಕ ಕೀಲು ಹಾಕಿಸುವುದೋ?

ಹೊಲಿಗೆಯವಳು, ಸಾಗರ

ಎಲ್ಲರಿಗೂ ನಮಸ್ಕಾರ. ನನಗೆ 57 ವರ್ಷ. 30 ವರ್ಷದಿಂದ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ ಹಾಕುತ್ತೇನೆ. ಬಲಗೈ ಹೆಬ್ಬೆರಳ ಬುಡದಲ್ಲಿ, ಮಣಿಕಟ್ಟಿಗೆ ಸೇರುವ ಜಾಗದಲ್ಲಿ ನೋವು ಶುರುವಾಗಿ ನಾಲ್ಕು ವರ್ಷವಾಯಿತು. ಮೊದಲು ಕತ್ತರಿ ಹಿಡಿದಾಗ ಮಾತ್ರ ನೋಯುತ್ತಿತ್ತು. ಈಗ ಬೀಗ ತಿರುಗಿಸಲು ಆಗುವುದಿಲ್ಲ, ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಲು ಪಕ್ಕದ ಮನೆ ಹುಡುಗನನ್ನು ಕರೆಯಬೇಕು, ಒದ್ದೆ ಬಟ್ಟೆ ಹಿಂಡಿದರೆ ಆ ದಿನ ರಾತ್ರಿ ನಿದ್ದೆಯೇ ಇಲ್ಲ. ಬುಡದಲ್ಲಿ ಒಂದು ಗಂಟಿನ ಹಾಗೆ ಮೂಳೆ ಮುಂದೆ ಬಂದಿದೆ. ಹೋದ ತಿಂಗಳು ಬ್ಲೌಸಿಗೆ ಹುಕ್ ಹಾಕುವಾಗ ಸೂಜಿ ಕೈಯಿಂದ ಜಾರಿ ಮೂರು ಸಲ ಕೆಳಗೆ ಬಿತ್ತು. ಮೂರನೇ ಸಲ ಅದನ್ನು ಎತ್ತಿಕೊಳ್ಳಲು ಮನಸ್ಸೇ ಬರಲಿಲ್ಲ, ಸುಮ್ನೆ ಕೂತುಬಿಟ್ಟೆ.

ಎಕ್ಸ್‌ರೇ ಆಗಿದೆ. ಸ್ಟೇಜ್ 3, ಅಂದರೆ ಸವೆತದ ನಾಲ್ಕು ಹಂತದಲ್ಲಿ ಮೂರನೆಯದು ಅಂತ ಬರೆದುಕೊಟ್ಟಿದ್ದಾರೆ. ಮಾತ್ರೆ, ಎಣ್ಣೆ, ಬಿಸಿ ಶಾಖ ಎಲ್ಲ ನೋಡಿಯಾಯಿತು. ಈಗ ಮೂವರು ಡಾಕ್ಟರು ಮೂರು ಮಾತು ಹೇಳುತ್ತಿದ್ದಾರೆ. ಒಬ್ಬರು ಬುಡದಲ್ಲಿರುವ ಚಿಕ್ಕ ಮೂಳೆಯನ್ನೇ ತೆಗೆದುಬಿಡೋಣ ಅನ್ನುತ್ತಾರೆ. ಇನ್ನೊಬ್ಬರು ಎರಡು ಮೂಳೆ ಸೇರಿಸಿ ಬೆಸೆದುಬಿಟ್ಟರೆ ಗಟ್ಟಿ ಕೆಲಸ ಮಾಡಬಹುದು ಅನ್ನುತ್ತಾರೆ. ಬೆಂಗಳೂರಿನಲ್ಲಿ ಮಗ ತೋರಿಸಿದ ಡಾಕ್ಟರು ಮಂಡಿಗೆ ಹಾಕುವ ಹಾಗೆ ಇದಕ್ಕೂ ಕೃತಕ ಕೀಲು ಬಂದಿದೆ ಅಂದರು. ಮೂಳೆ ತೆಗೆದರೆ ಬೆರಳು ನಿಲ್ಲುವುದಾದರೂ ಹೇಗೆ? ಆಮೇಲೆ ಕತ್ತರಿ ಹಿಡಿಯಬಹುದಾ? ಮಾಡಿಸಿಕೊಂಡವರು ಇದ್ದರೆ ದಯವಿಟ್ಟು ಉಳ್ಳದ್ದು ಉಳ್ಳ ಹಾಗೆ ಹೇಳಿ. ಹೊಲಿಗೆ ನನಗೆ ಬರೀ ಸಂಪಾದನೆ ಅಲ್ಲ.

ನಿವೃತ್ತ ಟೀಚರ್, ಹಾಸನ

ಅಕ್ಕಾ, ನಿಮ್ಮ ಸೂಜಿಯ ಮಾತು ಓದಿ ಕಣ್ಣು ತುಂಬಿ ಬಂತು. ನನಗೂ ಇದೇ ಬಲಗೈ, ಇದೇ ಜಾಗ. ಬೋರ್ಡಿನ ಮೇಲೆ ಬರೆದೂ ಬರೆದೂ ಕೊನೆಗೆ ಸೀಮೆಸುಣ್ಣ ಹಿಡಿಯಲು ಆಗದೆ ಕಷ್ಟಪಟ್ಟಿದ್ದೇನೆ. 2019ರಲ್ಲಿ ಮೂಳೆ ತೆಗೆಸಿದೆ. ಆ ಮೂಳೆಯ ಹೆಸರು ಟ್ರಪೀಜಿಯಂ. ಮಕ್ಕಳು ಆಡುವ ಗೋಲಿಯಷ್ಟು ಅಂದುಕೊಳ್ಳಿ. ಅದನ್ನು ತೆಗೆದ ಮೇಲೆ ಖಾಲಿಯಾದ ಜಾಗಕ್ಕೆ ನನ್ನದೇ ಮುಂಗೈಯ ಒಂದು ಟೆಂಡನ್ನಿನ (ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿ) ಅರ್ಧ ಭಾಗ ಸೀಳಿ, ಒಂದು ಕಡೆ ಹೆಬ್ಬೆರಳ ಮೂಳೆಗೆ ಕಟ್ಟಿ, ಉಳಿದದ್ದನ್ನು ಉಂಡೆ ಮಾಡಿ ಒಳಗೆ ಇಟ್ಟರು. ಬೆರಳು ನಿಲ್ಲುವುದು ಹೇಗೆ ಅಂತ ಕೇಳಿದಿರಲ್ಲ, ಆ ಟೆಂಡನ್ ಜೋಲಿಯ ಹಾಗೆ ಎತ್ತಿ ಹಿಡಿಯುತ್ತದೆ, ಸುತ್ತ ಗಾಯ ಮಾಯುವಾಗ ಕಟ್ಟುವ ಗಟ್ಟಿ ಪೊರೆಯೂ ಹಿಡಿದುಕೊಳ್ಳುತ್ತದೆ.

ಪೂರ್ತಿ ಪ್ರಜ್ಞೆ ತಪ್ಪಿಸಲಿಲ್ಲ. ಕುತ್ತಿಗೆ ಪಕ್ಕದಲ್ಲಿ ಸೂಜಿ ಕೊಟ್ಟು ಕೈ ಮಾತ್ರ ಮರಗಟ್ಟಿಸಿದರು. ಮಾರನೇ ದಿನ ಮನೆ. ನೋವು ಮೊದಲ ನಾಲ್ಕೈದು ದಿನ ಜಾಸ್ತಿ, ಕೈಯನ್ನು ದಿಂಬಿನ ಮೇಲೆ ಎತ್ತರಕ್ಕೆ ಇಟ್ಟುಕೊಂಡೇ ಮಲಗಬೇಕು. ನಾಲ್ಕು ವಾರ ಪ್ಲಾಸ್ಟರ್, ಆಮೇಲೆ ಬೆರಳು ಅಲುಗದ ಹಾಗೆ ಹಿಡಿಯುವ, ಬಿಚ್ಚಿ ಹಾಕುವ ಆಸರೆ, ಅಂದರೆ ಸ್ಪ್ಲಿಂಟ್. ಪ್ಲಾಸ್ಟರ್ ಬಿಚ್ಚಿದ ದಿನ ನನಗೆ ಈಗಲೂ ನೆನಪಿದೆ. ಚರ್ಮ ಒಣಗಿ ಸಿಪ್ಪೆ ಏಳುತ್ತಿತ್ತು, ಹೆಬ್ಬೆರಳು ಬೇರೆ ಯಾರದ್ದೋ ಅನ್ನಿಸಿತು, ಒಂದು ರೂಪಾಯಿ ನಾಣ್ಯವನ್ನು ಮೇಜಿನಿಂದ ಎತ್ತಲು ಆಗಲಿಲ್ಲ. ಕೆಟ್ಟುಹೋಯಿತು ಅಂತ ಅತ್ತೆ. ಕೆಟ್ಟಿರಲಿಲ್ಲ, ಅದು ಹಾಗೇ ಇರುತ್ತದೆ, ಯಾರೂ ಮೊದಲೇ ಹೇಳಿರಲಿಲ್ಲ ಅಷ್ಟೇ. ಎರಡೂವರೆ ತಿಂಗಳಿಗೆ ಅನ್ನ ಕಲಸಿ ತಿಂದೆ. ನಾಲ್ಕನೇ ತಿಂಗಳು ದಪ್ಪ ಪೆನ್ನಿನಲ್ಲಿ ಒಂದು ಪುಟ ಬರೆದೆ. ಯುಗಾದಿಗೆ ಹೋಳಿಗೆ ತಟ್ಟುವಷ್ಟರಲ್ಲಿ ಹತ್ತು ತಿಂಗಳಾಗಿತ್ತು.

ಈಗ ಆ ನೋವು ಇಲ್ಲ. ಸತ್ಯವಾಗಿ ಇಲ್ಲ. ಆದರೆ ಚಿವುಟಿ ಹಿಡಿಯುವ ಶಕ್ತಿ ಎಡಗೈಯಷ್ಟು ಬಂದಿಲ್ಲ, ಗಟ್ಟಿ ಮುಚ್ಚಳಕ್ಕೆ ಈಗಲೂ ರಬ್ಬರ್ ತುಂಡು ಬೇಕು. ಹೆಬ್ಬೆರಳ ಹಿಂಭಾಗದಲ್ಲಿ ಎರಡು ಕಾಸಿನಗಲ ಜಾಗ ಜೋಮು ಹಿಡಿದ ಹಾಗೇ ಉಳಿದಿದೆ. ಅಲ್ಲಿ ಚರ್ಮದ ಕೆಳಗೇ ಒಂದು ಸಣ್ಣ ನರ ಹೋಗುತ್ತದಂತೆ, ಆಪರೇಷನ್ನಿನಲ್ಲಿ ಅದು ಎಳೆತಕ್ಕೆ ಸಿಗುತ್ತದೆ.

ಹರೀಶ, ಚನ್ನರಾಯಪಟ್ಟಣ

ಮೇಡಂ, ಶುಗರ್ ಇದೆಯಾ? ನಮ್ಮ ಚಿಕ್ಕಮ್ಮನಿಗೆ ಹೆಬ್ಬೆರಳ ಬುಡಕ್ಕೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟಾಗ ನಾಲ್ಕೈದು ದಿನ ಶುಗರ್ ಏರಿತ್ತು. ಆದರೆ ನೋವು ಐದು ತಿಂಗಳು ಕಡಿಮೆ ಇತ್ತು. ನೀವು ಇಂಜೆಕ್ಷನ್ನಿನ ಮಾತೇ ಎತ್ತಿಲ್ಲ, ಅದಕ್ಕೆ ಕೇಳಿದೆ. ನೇರ ಆಪರೇಷನ್ನಿಗೆ ಯಾಕೆ ಹೋಗುವುದು?

ಬಡಗಿ, ಮೂಡುಬಿದಿರೆ

ನನ್ನದು ಬೇರೆ ಕತೆ, ಆದರೂ ಹೇಳುತ್ತೇನೆ, ಯಾಕೆಂದರೆ ನಾನು ಮಾಡಿಸಿಕೊಂಡದ್ದು ಬೆಸೆಯುವ ಆಪರೇಷನ್. ಪ್ರಾಯ 41. ಬೈಕಿನಿಂದ ಬಿದ್ದು ಹೆಬ್ಬೆರಳ ಬುಡದ ಮೂಳೆ ಕೀಲಿನೊಳಗೇ ಮುರಿದಿತ್ತು. ಆಗ ಉಳುಕು ಅಂದುಕೊಂಡು ಕಟ್ಟು ಹಾಕಿಸಿ ತಿರುಗಾಡಿದೆ. ಅದು ಓರೆಯಾಗಿ ಕೂಡಿಕೊಂಡಿತು, ಆರು ವರ್ಷದಲ್ಲಿ ಕೀಲು ತಿಂದುಹೋಯಿತು. ಬಿದ್ದ ದಿನವೇ ಎಕ್ಸ್‌ರೇ ತೆಗೆಸಿ ಸರಿಯಾಗಿ ಕೂರಿಸಿದ್ದರೆ ಈ ಮಾತೇ ಇರುತ್ತಿರಲಿಲ್ಲ, ಇದನ್ನು ಓದುವ ಹುಡುಗರು ದಯವಿಟ್ಟು ನೆನಪಿಡಿ.

ನನಗೆ ಉಳಿ, ಸುತ್ತಿಗೆ, ಕೀಸುಳಿ ಹಿಡಿಯದೆ ಹೊಟ್ಟೆ ಹೊರೆಯುವುದಿಲ್ಲ. ಮೂಳೆ ತೆಗೆದರೆ ಹಿಡಿತ ಮೆತ್ತಗಾಗಬಹುದು, ನಿನ್ನ ಪ್ರಾಯಕ್ಕೆ, ನಿನ್ನ ಕೆಲಸಕ್ಕೆ ಬೆಸೆಯುವುದೇ ಒಳ್ಳೆಯದು ಅಂದರು ಡಾಕ್ಟರು. ಕೀಲಿನ ಎರಡೂ ಕಡೆ ಕೆರೆದು, ಸೊಂಟದ ಹತ್ತಿರದಿಂದ ಸ್ವಲ್ಪ ಮೂಳೆಪುಡಿ ತಂದಿಟ್ಟು, ಪ್ಲೇಟ್ ಮತ್ತು ಸ್ಕ್ರೂ ಹಾಕಿದರು. ಮುಷ್ಟಿ ಕಟ್ಟಿದಾಗ ಹೆಬ್ಬೆರಳು ತೋರುಬೆರಳ ಮೇಲೆ ಬಂದು ಕೂರುತ್ತದಲ್ಲ, ಆ ಭಂಗಿಯಲ್ಲಿ ನಿಲ್ಲಿಸಿದ್ದಾರೆ. ಬೀಡಿ ಸೇದಿದರೆ ಮೂಳೆ ಕೂಡುವುದಿಲ್ಲ ಅಂತ ಖಡಾಖಂಡಿತ ಹೇಳಿದ್ದರು, ಅವತ್ತೇ ಬಿಟ್ಟೆ. ಕೂಡಲು 11 ವಾರ ಬೇಕಾಯಿತು. ಕೆಲವರಿಗೆ ಕೂಡುವುದೇ ಇಲ್ಲವಂತೆ, ಆಗ ಮತ್ತೆ ಆಪರೇಷನ್.

ಈಗ ಉಳಿ ಹಿಡಿದರೆ ಕಬ್ಬಿಣದ ಹಾಗೆ ನಿಲ್ಲುತ್ತದೆ, ನೋವಿಲ್ಲ. ಆದರೆ ಅಂಗೈಯನ್ನು ಹಲಗೆ ಮೇಲೆ ಚಪ್ಪಟೆಯಾಗಿ ಇಡಲು ಆಗುವುದಿಲ್ಲ. ದೇವರಿಗೆ ಕೈ ಮುಗಿದರೆ ಎರಡು ಅಂಗೈ ಪೂರ್ತಿ ಸೇರುವುದಿಲ್ಲ, ನಡುವೆ ಒಂದು ಸಂದು ಉಳಿಯುತ್ತದೆ. ಬಾಯಿ ಸಣ್ಣ ಇರುವ ಡಬ್ಬಿಯೊಳಗೆ ಕೈ ಹೋಗುವುದಿಲ್ಲ. ನಿಮ್ಮ ಹಾಗೆ ನಾಜೂಕು ಕೆಲಸ ಮಾಡುವವರಿಗೆ ಈ ಬೆಸುಗೆ ಹೊಂದುತ್ತದಾ ಅಂತ ನನಗೆ ಅನುಮಾನ. ಬಟ್ಟೆಯನ್ನು ಅಂಗೈಯಲ್ಲಿ ಸವರಿ ಹಾಸುವುದು ನಿಮಗೆ ದಿನಾ ಬೇಕಲ್ವಾ ಅಕ್ಕ?

ಕೈ ಥೆರಪಿಸ್ಟ್, ಮೈಸೂರು

ನಾನು ಫಿಸಿಯೋಥೆರಪಿಸ್ಟ್, 16 ವರ್ಷದಿಂದ ಬರೀ ಕೈ ಆಪರೇಷನ್ ಆದವರ ಜೊತೆ ಕೆಲಸ ಮಾಡುತ್ತಿದ್ದೇನೆ. ಸರ್ಜನ್ ಅಲ್ಲ, ಆದ್ದರಿಂದ ನಿಮಗೆ ಇದೇ ಮಾಡಿಸಿ ಅಂತ ಹೇಳುವುದಿಲ್ಲ. ಆದರೆ ಆಪರೇಷನ್ ಮುಗಿದ ಮೇಲಿನ ಆರು ತಿಂಗಳನ್ನು ನೋಡುವವರು ನಾವು.

ಮೊದಲು ಈ ಕೀಲು ಯಾಕೆ ಸವೆಯುತ್ತದೆ ಅಂತ ತಿಳಿದುಕೊಳ್ಳಿ. ಇದು ಕುದುರೆಯ ಜೀನಿನ ಆಕಾರದ ಕೀಲು. ಒಂದು ಜೀನಿನ ಮೇಲೆ ಇನ್ನೊಂದನ್ನು ಅಡ್ಡ ಕೂರಿಸಿದ ಹಾಗೆ. ಅದರಿಂದಲೇ ಹೆಬ್ಬೆರಳು ಎಲ್ಲ ದಿಕ್ಕಿಗೂ ತಿರುಗಿ ಉಳಿದ ನಾಲ್ಕು ಬೆರಳನ್ನು ಮುಟ್ಟುತ್ತದೆ. ಆದರೆ ಬೆರಳ ತುದಿಯಲ್ಲಿ ನೀವು 1 ಕಿಲೋ ಒತ್ತಿ ಹಿಡಿದರೆ ಬುಡದ ಕೀಲಿನ ಮೇಲೆ ಸುಮಾರು 12 ಕಿಲೋ ಭಾರ ಬೀಳುತ್ತದೆ. ದಪ್ಪ ಬಟ್ಟೆಗೆ ಕತ್ತರಿ ಒತ್ತುವುದನ್ನು 30 ವರ್ಷದಿಂದ ಗುಣಿಸಿ ನೋಡಿ. ಜೊತೆಗೆ ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಇದು ಗಂಡಸರಿಗಿಂತ ಜಾಸ್ತಿ. ಕೀಲನ್ನು ಹಿಡಿದಿರುವ ಲಿಗಮೆಂಟ್ ಸಡಿಲವಾಗಿ, ಹೆಬ್ಬೆರಳ ಮೂಳೆ ಹೊರಕ್ಕೆ ಜಾರಿ, ನೀವು ಹೇಳಿದ ಗಂಟು ಕಾಣಿಸುತ್ತದೆ.

ಹರೀಶರ ಮಾತು ನಿಜ. ಸ್ಟೇಜ್ 3 ಅಂತ ಬರೆದ ಮಾತ್ರಕ್ಕೆ ಆಪರೇಷನ್ ಆಗಲೇಬೇಕು ಅಂತಿಲ್ಲ. ಎಕ್ಸ್‌ರೇ ಭಯಂಕರವಾಗಿದ್ದು ನೋವೇ ಇಲ್ಲದವರನ್ನು ನೋಡಿದ್ದೇನೆ, ಎಕ್ಸ್‌ರೇ ಪರವಾಗಿಲ್ಲ ಅನ್ನುವ ಹಾಗಿದ್ದು ರಾತ್ರಿಯೆಲ್ಲ ಅಳುವವರನ್ನೂ ನೋಡಿದ್ದೇನೆ. ಅಳತೆಗೆ ಮಾಡಿಸಿದ ಸ್ಪ್ಲಿಂಟ್, ಹೆಬ್ಬೆರಳ ಸುತ್ತಲಿನ ಸ್ನಾಯುಗಳಿಗೆ ವ್ಯಾಯಾಮ, ಒಂದು ಇಂಜೆಕ್ಷನ್, ಇವಿಷ್ಟನ್ನೂ ಮೂರು ತಿಂಗಳು ಮನಸ್ಸಿಟ್ಟು ಮಾಡಿ ನೋಡಿದ್ದೀರಾ? ಮೆಡಿಕಲ್ ಶಾಪಿನಲ್ಲಿ ಸಿಗುವ ಮಣಿಕಟ್ಟಿನ ಬೆಲ್ಟ್ ಇದಕ್ಕೆ ಆಗುವುದಿಲ್ಲ, ಅದು ಹೆಬ್ಬೆರಳನ್ನು ಹಿಡಿಯುವುದೇ ಇಲ್ಲ. ಒಂದು ಎಚ್ಚರಿಕೆ. ಇಂಜೆಕ್ಷನ್ ತೆಗೆದುಕೊಂಡ ಮೂರು ತಿಂಗಳೊಳಗೆ ಆಪರೇಷನ್ ಬೇಡ ಅನ್ನುತ್ತಾರೆ ಬಹಳ ಸರ್ಜನ್ನರು, ಸೋಂಕಿನ ಭಯಕ್ಕೆ. ಹಾಗಾಗಿ ತಾರೀಖು ಲೆಕ್ಕ ಹಾಕಿಯೇ ಹಾಕಿಸಿಕೊಳ್ಳಿ.

ಇನ್ನು ಆಪರೇಷನ್ನಿನ ಮಾತು. ಟ್ರಪೀಜಿಯಂ ತೆಗೆಯುವುದು ಹೊಸದೇನಲ್ಲ, 1949ರಲ್ಲೇ ಇಂಗ್ಲೆಂಡಿನ ಗರ್ವಿಸ್ ಎಂಬ ಸರ್ಜನ್ ಇದರ ಬಗ್ಗೆ ಬರೆದಿದ್ದಾರೆ. ಮೂಳೆ ತೆಗೆದರೆ ಹೆಬ್ಬೆರಳು ಕೆಳಗೆ ಕುಸಿದು ಶಕ್ತಿ ಹೋಗುತ್ತದೆ ಅನ್ನುವ ಅಂಜಿಕೆಯಿಂದ ಆಮೇಲೆ ಟೆಂಡನ್ ಕಟ್ಟುವುದು ಸೇರಿಕೊಂಡಿತು. ಟೀಚರ್ ಮಾಡಿಸಿಕೊಂಡಂಥ ಆಪರೇಷನ್ ಪ್ರಸಿದ್ಧವಾದದ್ದು 1986ರಲ್ಲಿ ಬರ್ಟನ್ ಮತ್ತು ಪೆಲೆಗ್ರಿನಿ ಬರೆದ ಮೇಲೆ. ಈಗ ಕೆಲವರು ಟೆಂಡನ್ ಬದಲು ಹೆಬ್ಬೆರಳ ಮೂಳೆಯನ್ನು ತೋರುಬೆರಳ ಮೂಳೆಗೆ ಗಟ್ಟಿ ದಾರ ಮತ್ತು ಪುಟ್ಟ ಲೋಹದ ಗುಂಡಿಯಿಂದ ಕಟ್ಟಿ ನೇತುಹಾಕುತ್ತಾರೆ. ಗುಂಡಿ ಅಂದರೆ ಥೇಟ್ ನಿಮ್ಮ ಹೊಲಿಗೆ ಡಬ್ಬಿಯಲ್ಲಿರುವ ಗುಂಡಿಯ ಹಾಗೇ, ತೀರಾ ಚಿಕ್ಕದು. ಅದರಲ್ಲಿ ಬೆರಳು ಆಡಿಸಲು ಬೇಗ ಬಿಡುತ್ತಾರೆ.

ಇವುಗಳಲ್ಲಿ ಯಾವುದು ಮೇಲು? 2015ರಲ್ಲಿ ಕಾಕ್ರೇನ್ ಸಂಸ್ಥೆಯವರು ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗಿದರು. ನೋವಿನಲ್ಲಾಗಲಿ ಕೈ ಬಳಕೆಯಲ್ಲಾಗಲಿ ಒಂದು ವಿಧಾನ ಇನ್ನೊಂದಕ್ಕಿಂತ ಮೇಲು ಅಂತ ತೋರಿಸುವ ಗಟ್ಟಿ ಸಾಕ್ಷಿ ಅವರಿಗೆ ಸಿಗಲಿಲ್ಲ. ಇದನ್ನು ಯಾಕೆ ಹೇಳಿದೆ ಅಂದರೆ, ಮೂವರು ಡಾಕ್ಟರು ಮೂರು ಮಾತು ಹೇಳಿದ್ದು ಯಾರೋ ಒಬ್ಬರು ಮೋಸ ಮಾಡುತ್ತಿದ್ದಾರೆ ಅಂತಲ್ಲ. ಅವರವರ ಕೈಗೆ ಚೆನ್ನಾಗಿ ಕೂತ ಆಪರೇಷನ್ನನ್ನು ಅವರವರು ಹೇಳಿದ್ದಾರೆ. ಹೆಸರಿಗಿಂತ, ಆ ಸರ್ಜನ್ ಅದನ್ನು ವರ್ಷಕ್ಕೆ ಎಷ್ಟು ಮಾಡುತ್ತಾರೆ ಅನ್ನುವುದನ್ನು ಕೇಳಿ. ಸಂಕೋಚ ಬೇಡ, ಕೇಳುವುದು ನಿಮ್ಮ ಹಕ್ಕು.

ಬಡಗಿ ಅಣ್ಣನ ಅನುಮಾನ ಸರಿಯಾಗಿದೆ. ಬೆಸುಗೆ ಹೆಚ್ಚಾಗಿ ಚಿಕ್ಕ ಪ್ರಾಯದ, ಭಾರದ ಕೆಲಸ ಮಾಡುವವರಿಗೆ. ಇನ್ನೊಂದು, ಸವೆತ ಟ್ರಪೀಜಿಯಂನ ಆಚೆ ಬದಿಯ ಕೀಲಿಗೂ ಹಬ್ಬಿದರೆ ಅದನ್ನು ಸ್ಟೇಜ್ 4 ಅನ್ನುತ್ತಾರೆ. ಆಗ ಬೆಸೆದರೂ ಆಚೆಯ ನೋವು ಹಾಗೇ ಉಳಿಯುತ್ತದೆ, ಕೃತಕ ಕೀಲಿಗೂ ಅದೇ ತೊಡಕು. ನಿಮ್ಮ ಎಕ್ಸ್‌ರೇಯಲ್ಲಿ ಆಚೆಯ ಕೀಲು ಚೆನ್ನಾಗಿದೆಯಾ ಅಂತ ಕೇಳಿದಿರಾ?

ಕೊನೆಯದಾಗಿ ಕನ್ನಡಿ ಮುಂದೆ ಒಂದು ಕೆಲಸ ಮಾಡಿ. ಹೆಬ್ಬೆರಳು, ತೋರುಬೆರಳ ತುದಿ ಸೇರಿಸಿ ಒತ್ತಿ ಹಿಡಿಯಿರಿ. ಹೆಬ್ಬೆರಳ ನಡುಗೀಲು ಹಿಂದಕ್ಕೆ ಬಾಗಿ, ಬೆರಳು ಝಡ್ ಅಕ್ಷರದ ಹಾಗೆ ಕಾಣುತ್ತದಾ? ಕಂಡರೆ ಸರ್ಜನ್ನಿಗೆ ತಪ್ಪದೆ ತೋರಿಸಿ. ಜಾಸ್ತಿ ಬಾಗುತ್ತಿದ್ದರೆ ಅದನ್ನೂ ಅದೇ ಆಪರೇಷನ್ನಿನಲ್ಲಿ ಸರಿಮಾಡಬೇಕಾಗುತ್ತದೆ. ಇಲ್ಲವಾದರೆ ಬುಡ ಸರಿಯಾದರೂ ಹಿಡಿತ ಬರುವುದಿಲ್ಲ.

ಸುಮಾ, ಬೆಲ್ಜಿಯಂ

ನಮಸ್ಕಾರ ಅಕ್ಕಾ. ಊರು ತೀರ್ಥಹಳ್ಳಿ, 24 ವರ್ಷದಿಂದ ಇಲ್ಲೇ. ಕೃತಕ ಕೀಲು ಹಾಕಿಸಿಕೊಂಡವರು ಯಾರೂ ಬರೆದಿಲ್ಲ, ಅದಕ್ಕೆ ನಾನು ಬರೆಯುತ್ತೇನೆ. ಫ್ರಾನ್ಸ್, ಬೆಲ್ಜಿಯಂ ಕಡೆ ಇದು ಸಾಕಷ್ಟು ನಡೆಯುತ್ತದೆ, ಇದರ ಮೊದಲ ಮಾದರಿಗಳಲ್ಲಿ ಒಂದು 1970ರ ದಶಕದಲ್ಲಿ ಫ್ರಾನ್ಸಿನಲ್ಲೇ ಬಂದದ್ದು. ಸೊಂಟದ ಕೀಲಿನ ಹಾಗೇ, ಆದರೆ ಬೆರಳ ಅಳತೆಗೆ. ಟ್ರಪೀಜಿಯಂನಲ್ಲಿ ಒಂದು ಬಟ್ಟಲು, ಹೆಬ್ಬೆರಳ ಮೂಳೆಯೊಳಗೆ ಒಂದು ಕಡ್ಡಿ, ನಡುವೆ ಗುಂಡು.

2021ರಲ್ಲಿ ನನಗೆ ಎಡಗೈಗೆ ಆಯಿತು. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬಂದೆ. ಎರಡು ವಾರಕ್ಕೆ ಹೊಲಿಗೆ ಬಿಚ್ಚಿ ಬೆರಳು ಆಡಿಸು ಅಂದರು. ಆರು ವಾರಕ್ಕೆ ಆಫೀಸಿನಲ್ಲಿ ಎರಡೂ ಕೈಯಿಂದ ಟೈಪ್ ಮಾಡುತ್ತಿದ್ದೆ. ಟೀಚರ್ ಅವರ ಹತ್ತು ತಿಂಗಳು ಓದಿದಾಗ ನನಗೆ ಎಷ್ಟು ಸುಲಭವಾಯಿತು ಅನ್ನಿಸಿತು. ಬೆರಳ ಉದ್ದವೂ ಕಡಿಮೆಯಾಗುವುದಿಲ್ಲ.

ಆದರೆ ಪೂರ್ತಿ ಹೇಳಬೇಕು. ಗುಂಡು ಬಟ್ಟಲಿನಿಂದ ಜಾರುವುದುಂಟು. ಬಟ್ಟಲು ಮೂಳೆಯಲ್ಲಿ ಸಡಿಲವಾಗುವುದುಂಟು. ಹಳೆಯ ಮಾದರಿಗಳಲ್ಲಿ ಇದು ಜಾಸ್ತಿ ಇತ್ತು. ಈಗ ಬಂದಿರುವ ಎರಡು ಹಂತದಲ್ಲಿ ತಿರುಗುವ ಗುಂಡಿನಿಂದ ಜಾರುವುದು ಕಡಿಮೆಯಾಗಿದೆ. ಇದಕ್ಕೂ ಮೊದಲು ಸಿಲಿಕೋನ್ ತುಂಡು ಇಡುವ ಪದ್ಧತಿ ಇತ್ತು, ಅದು ಸವೆದು ಪುಡಿಯಾಗಿ ಸುತ್ತಲಿನ ಮೂಳೆಗೇ ಉರಿಯೂತ ತಂದ ಉದಾಹರಣೆಗಳಿವೆ. ಹಾಗಾಗಿ ಬೆಂಗಳೂರಿನ ಡಾಕ್ಟರು ಯಾವ ಬಗೆಯದ್ದು ಹಾಕುತ್ತಾರೆ, ಸ್ವತಃ ಎಷ್ಟು ಹಾಕಿದ್ದಾರೆ, ಸಡಿಲವಾದರೆ ಮುಂದೇನು ಅಂತ ಕೇಳಿಕೊಳ್ಳಿ. ನನಗೆ ಸಮಾಧಾನ ಕೊಟ್ಟ ಮಾತು ಒಂದೇ. ಇದು ಕೈಕೊಟ್ಟರೆ ತೆಗೆದು, ಆಮೇಲೂ ಟ್ರಪೀಜಿಯಂ ತೆಗೆಯುವ ದಾರಿ ಉಳಿದಿರುತ್ತದೆ. ಮೂಳೆ ಮೊದಲೇ ತೆಗೆಸಿಬಿಟ್ಟರೆ ಈ ಕೀಲು ಹಾಕಲು ಬಟ್ಟಲು ಕೂರಿಸುವ ಜಾಗವೇ ಇರುವುದಿಲ್ಲ.

ಹೊಲಿಗೆಯವಳು, ಸಾಗರ

ಇಷ್ಟು ಜನ ಇಷ್ಟು ಮನಸ್ಸಿಟ್ಟು ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಮೂರು ದಿನದಿಂದ ಓದುತ್ತಿದ್ದೇನೆ, ಮಗನಿಗೂ ಓದಿಸಿದೆ.

ಹರೀಶ, ಶುಗರ್ ಇಲ್ಲ. ಇಂಜೆಕ್ಷನ್ ಯಾರೂ ಹೇಳಿರಲಿಲ್ಲ, ಹೇಳಿದ್ದರೂ ಹೆದರಿ ಬೇಡ ಅನ್ನುತ್ತಿದ್ದೆನೇನೋ. ಥೆರಪಿಸ್ಟ್ ಮೇಡಂ, ಕನ್ನಡಿ ಮುಂದೆ ನೋಡಿದೆ. ಸ್ವಲ್ಪ ಬಾಗುತ್ತದೆ. ನಾನು ಇಷ್ಟು ದಿನ ನನ್ನ ಬೆರಳೇ ಹಾಗೆ ಅಂದುಕೊಂಡಿದ್ದೆ.

ನಿನ್ನೆ ಮೊದಲನೇ ಡಾಕ್ಟರ ಹತ್ತಿರ ಮತ್ತೆ ಹೋದೆ. ಈ ಸಲ ಕತ್ತರಿಯನ್ನೂ ಬ್ಯಾಗಿನಲ್ಲಿ ಹಾಕಿಕೊಂಡು ಹೋದೆ. ನಾನು ಹಿಡಿಯುವುದು ಹೀಗೆ, ಕತ್ತರಿಸುವುದು ಹೀಗೆ ಅಂತ ಅವರ ಮೇಜಿನ ಮೇಲೆ ಹಳೇ ಲೈನಿಂಗ್ ಬಟ್ಟೆ ಹಾಸಿ ತೋರಿಸಿದೆ. ಅವರು ಪೆನ್ನು ಕೆಳಗಿಟ್ಟು ಸುಮಾರು ಹೊತ್ತು ಕೈಯನ್ನೇ ನೋಡಿದರು. ಬೆಸುಗೆ ನಿಮಗೆ ಬೇಡ ಅಂದರು. ಆಚೆಯ ಕೀಲು ನೋಡಿ ಅಂತ ಎಕ್ಸ್‌ರೇ ಕೊಟ್ಟೆ. ಅಲ್ಲೂ ಸವೆತ ಶುರುವಾದ ಹಾಗಿದೆಯಂತೆ, ಆದ್ದರಿಂದ ಕೃತಕ ಕೀಲಿಗೂ ಅವರು ಒಪ್ಪಲಿಲ್ಲ. ಉಳಿದದ್ದು ಮೂಳೆ ತೆಗೆಯುವುದು. ಅದಕ್ಕೂ ಅವಸರವಿಲ್ಲ, ಮೊದಲು ಸ್ಪ್ಲಿಂಟ್ ಮತ್ತು ಒಂದು ಇಂಜೆಕ್ಷನ್, ದೀಪಾವಳಿ ಹೊಲಿಗೆ ಮುಗಿಯಲಿ, ಸಂಕ್ರಾಂತಿ ಆದ ಮೇಲೆ ಕೂತು ಮಾತಾಡೋಣ ಅಂದಿದ್ದಾರೆ. ವರ್ಷಕ್ಕೆ ಎಷ್ಟು ಮಾಡುತ್ತೀರಿ ಅಂತ ಕೇಳಿದೆ. ಬೇಸರ ಮಾಡಿಕೊಳ್ಳದೆ ಹೇಳಿದರು.

ಟೀಚರ್, ನಿಮ್ಮನ್ನು ಒಂದು ಕೇಳಬೇಕು. ಆ ಎರಡೂವರೆ ತಿಂಗಳು ಮನೆಯಲ್ಲಿ ಅಡುಗೆ, ಬಟ್ಟೆ ಹೇಗೆ ನಡೆಸಿದಿರಿ? ನಮ್ಮ ಮನೆಯಲ್ಲಿ ನಾವಿಬ್ಬರೇ, ಅವರಿಗೆ ಅನ್ನ ಇಡುವುದು ಬಿಟ್ಟರೆ ಬೇರೆ ಬರುವುದಿಲ್ಲ.

ನಿವೃತ್ತ ಟೀಚರ್, ಹಾಸನ

ಕತ್ತರಿ ತೆಗೆದುಕೊಂಡು ಹೋಗಿ ತೋರಿಸಿದ್ದು ಬಹಳ ಒಳ್ಳೆಯದಾಯಿತು ಅಕ್ಕಾ, ನನಗೆ ಆ ಬುದ್ಧಿ ಹೊಳೆದಿರಲಿಲ್ಲ. ಮನೆ ವಿಷಯ, ಮೊದಲೇ ತಯಾರಿ ಮಾಡಿಕೊಳ್ಳಿ. ಸಾರಿನ ಪುಡಿ, ಹುಳಿ ಪುಡಿ, ಚಟ್ನಿ ಪುಡಿ ಮೂರು ತಿಂಗಳಿಗಾಗುವಷ್ಟು ಮಾಡಿ, ತಿರುಪಿನ ಬಾಟಲಿಯಲ್ಲಿ ಅಲ್ಲ, ಮೇಲೆ ಎತ್ತಿ ತೆಗೆಯುವ ಸ್ಟೀಲ್ ಡಬ್ಬಿಯಲ್ಲಿ ತುಂಬಿಡಿ. ತೆಂಗಿನಕಾಯಿ ತುರಿದು ಫ್ರಿಜ್ಜಿನಲ್ಲಿ ಇಟ್ಟುಕೊಳ್ಳಿ. ಮುಂದೆ ಹುಕ್ ಇರುವ ಬ್ಲೌಸ್ ಒಂದು ಕೈಯಲ್ಲಿ ಹಾಕಲು ಆಗುವುದಿಲ್ಲ, ನಾನು ಎರಡು ತಿಂಗಳು ನೈಟಿಯಲ್ಲೇ ಕಳೆದೆ. ನೀವು ಹೊಲಿಯುವವರು, ವೆಲ್ಕ್ರೋ ಹಾಕಿದ ನಾಲ್ಕು ಬ್ಲೌಸ್ ಈಗಲೇ ಹೊಲಿದಿಟ್ಟುಕೊಳ್ಳಿ. ಮತ್ತೆ ನಿಮ್ಮ ಯಜಮಾನರಿಗೆ ಈಗಿನಿಂದಲೇ ಒಂದು ಸಾರು ಕಲಿಸಿ. ನಮ್ಮವರು ಆಗ ಕಲಿತದ್ದು, ಇವತ್ತಿಗೂ ಭಾನುವಾರದ ಸಾರು ಅವರದ್ದೇ.

ಕೈ ಥೆರಪಿಸ್ಟ್, ಮೈಸೂರು

ಸ್ಪ್ಲಿಂಟ್ ಹಾಕಿಕೊಂಡೇ ಹೊಲಿಯಿರಿ, ಬರೀ ಮಲಗುವಾಗ ಅಲ್ಲ. ಆ ಭಾರದ ಕಬ್ಬಿಣದ ಕತ್ತರಿಯನ್ನು ಸದ್ಯಕ್ಕೆ ಬದಿಗಿಡಿ. ಸ್ಪ್ರಿಂಗ್ ಇರುವ, ತಾನಾಗಿ ತೆರೆದುಕೊಳ್ಳುವ ಕತ್ತರಿ ಸಿಗುತ್ತದೆ, ಅದರಲ್ಲಿ ಬಾಯಿ ಬಿಡಿಸಲು ಹೆಬ್ಬೆರಳು ಬೇಕಿಲ್ಲ, ಪೂರ್ತಿ ಅಂಗೈಯಿಂದ ಒತ್ತಿದರೆ ಸಾಕು. ನಾಲ್ಕು ಪದರ ಒಟ್ಟಿಗೆ ಕತ್ತರಿಸಬೇಡಿ, ಎರಡೇ ಪದರ. ದಿನಾ ಕೈಯಲ್ಲಿ ಹಿಡಿಯುವ ಸಾಮಾನುಗಳಿಗೆ ಒಂದಿಷ್ಟು ದಪ್ಪ ರಬ್ಬರ್ ಹಿಡಿ ಸುತ್ತಿಕೊಂಡು ನೋಡಿ, ಹಿಡಿ ದಪ್ಪವಾದಷ್ಟೂ ಚಿವುಟುವ ಬಲ ಕಡಿಮೆ ಸಾಕಾಗುತ್ತದೆ. ಇಂಜೆಕ್ಷನ್ ಹಾಕಿಸಿಕೊಂಡ ತಾರೀಖನ್ನು ಮರೆಯದೆ ಫೈಲಿನ ಮೇಲೆ ಬರೆದಿಡಿ.